ಇನ್ನೂರಾ ಹದಿನಾಲ್ಕನೆಯ ಹೆಬ್ಬೆಟ್ಟು

"ನಾ ಯಾಕ ಚುಕ್ಕಿ ಸರಿಸಲಿರಿ ಬಾಯಾರ? ನನಗ ಅದರಾಗ ಏನ್ ಸಿಗ್ತದ?"

ಮಾಣಿಕನ ದನಿ ಏರಿತು. ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಅವನ ಇಕ್ಕಟ್ಟಾದ ಕಂಪ್ಯೂಟರ್ ಅಂಗಡಿಯಲ್ಲಿ ಪಹಣಿ ತೆಗೆಸಲು ಬಂದಿದ್ದ ಇಬ್ಬರು ರೈತರು ತಮ್ಮ ಕೆಲಸ ಮರೆತು ಇತ್ತ ಕಿವಿಗೊಟ್ಟರು.

ಕಾಂತಾಬಾಯಿ ಅವಸರ ಮಾಡಲಿಲ್ಲ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತೆರಡು ವರ್ಷ ಕಳ್ಳರ ಬೆರಳು ಓದಿ ನಿವೃತ್ತಳಾದ ಹೆಂಗಸು ಆಕೆ. ಮೈಲೂರಿನ ಮನೆಯಲ್ಲಿ ಹಾಯಾಗಿ ಕೂರಬಾರದೇ ಎಂದು ಸೊಸೆ ಕೇಳಿದರೆ, "ಕೂತ್ರ ಮೊಣಕಾಲು ಹಿಡಿತಾವ" ಎಂದು ಚಪ್ಪಲಿ ಮೆಟ್ಟಿಬಿಡುತ್ತಿದ್ದಳು.

"ಏನ್ ಸಿಗ್ತದ ಅಂತ ನಾ ಹೇಳಲೇನು?" ಎಂದಳು. "ನಿನ್ನ ಷಡ್ಡಕ ಆ ಸೋಲಾರ್ ಕಂಪನಿ ಜೀಪ್ ಹೊಡಿತಾನ. ಹೌದಿಲ್ಲ?"

ಮಾಣಿಕನ ಮುಖ ಸಣ್ಣದಾಯಿತು. "ಅವಾ ಜೀಪ್ ಹೊಡೆದ್ರ ನಾ ಕಳ್ಳ ಆಗ್ತೇನ್ರಿ?"

ಪಕ್ಕದ ಸ್ಟೂಲಿನ ಮೇಲೆ ಆಬೇದಾ ತಲೆ ತಗ್ಗಿಸಿ ಕೂತಿದ್ದಳು. ಬೀದರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಈ ಹುಡುಗಿ ಬುಧವಾರ ನಕ್ಷೆ ಹೊರಬಿದ್ದಾಗಿನಿಂದ ನೆಟ್ಟಗೆ ಊಟ ಮಾಡಿರಲಿಲ್ಲ. ಅವತ್ತೇ ಮೈಲೂರಿಗೆ ಬಂದು ಕಾಂತಾಬಾಯಿಯ ಬಾಗಿಲು ತಟ್ಟಿದ್ದಳು.

ಆ ನಕ್ಷೆ ಈಗಲೂ ಪರದೆಯ ಮೇಲಿತ್ತು. ಯಾರು ಎಲ್ಲಿ ಯಾವ ಪ್ರಾಣಿ, ಯಾವ ಹಕ್ಕಿ ಕಂಡರೂ ಅದನ್ನು ಎಲ್ಲರೂ ನೋಡಬಹುದಾದ ಒಂದೇ ನಕ್ಷೆಯಲ್ಲಿ ಚುಕ್ಕಿಯಾಗಿ ಇಡಬೇಕು, ಚುಕ್ಕಿ ದಟ್ಟವಾಗಿರುವ ಜಾಗವನ್ನು ಸರಕಾರ ಕಾಪಾಡಬೇಕು. ಇಷ್ಟೇ ಅದರ ಲೆಕ್ಕಾಚಾರ. ಸೋಮವಾರ ಬೀದರಿನಲ್ಲಿ ಜಿಲ್ಲಾ ಸಮಿತಿ ಕೂತು ಕಾಪಾಡಬೇಕಾದ ಜಾಗಗಳ ಪಟ್ಟಿ ಮುಗಿಸಲಿತ್ತು. ಇವತ್ತು ಶುಕ್ರವಾರ.

ಔರಾದ ತಾಲ್ಲೂಕಿನ ಹರಣಮಾಳ ಎಂಬ ಗಾಯರಾಣ, ಅಂದರೆ ಗೋಮಾಳ, ಆ ಪಟ್ಟಿಗೆ ಸೇರದಿದ್ದರೆ ಸೋಲಾರ್ ಕಂಪನಿಯ ಪಾಲಾಗುತ್ತದೆ. ಎರಡು ಸಾವಿರ ಎಕರೆ ಹುಲ್ಲುಗಾವಲು. ಕಾಗದದಲ್ಲಿ ಮಾತ್ರ ಅದರ ಹೆಸರು ಬಂಜರು. ಎರಡು ವರ್ಷ ಮಳೆ ಕೈಕೊಟ್ಟಾಗಲೂ ಚಿಗರಿ, ನರಿ, ತೋಳ, ಲಾವಕ್ಕಿ ಎಲ್ಲ ಅದನ್ನೇ ನಂಬಿ ಬದುಕಿದ್ದವು. ಹತ್ತು ತಿಂಗಳು ಆಬೇದಾ ಶನಿವಾರ ಶನಿವಾರ ಬಸ್ ಹಿಡಿದು ಹೋಗಿ ಕುರಿಗಾರ ಧೊಂಡಿಬಾನ ಬಾಯಿಂದ ಅದನ್ನೆಲ್ಲ ಬರೆದು ತಂದಿದ್ದಳು.

ನಕ್ಷೆಯಲ್ಲಿ ಹರಣಮಾಳದ ಮೇಲೆ ಒಂದೇ ಒಂದು ಚುಕ್ಕಿಯೂ ಇರಲಿಲ್ಲ.

"ಧೊಂಡಿಬಾ ಹೇಳ್ದ, ಈಕಿ ಬರದ್ಲು, ನೀ ಟೈಪ್ ಹೊಡೆದಿ," ಕಾಂತಾಬಾಯಿ ಬೆರಳು ಮಡಚಿದಳು. "ಮೂರೇ ಕೈ. ಈಗ ವಹಿ ತಗಿ."

ಮಾಣಿಕ ತಗಡಿನ ಪೆಟ್ಟಿಗೆಯಿಂದ ಉದ್ದನೆಯ ವಹಿಯೊಂದನ್ನು ತೆಗೆದು ಮೇಜಿನ ಮೇಲೆ ದೊಪ್ಪನೆ ಹಾಕಿದ. "ಸೋಮವಾರ ಮ್ಯಾಡಮ್ ಕೊಟ್ಟು ಹೋಗ್ಯಾರ. ಹ್ಯಾಂಗ ಕೊಟ್ಟಾರ ಹಂಗೇ ಅದ. ನೋಡ್ಕೋರಿ."

ಕಾಂತಾಬಾಯಿ ಚೀಲದಿಂದ ಭೂತಗನ್ನಡಿ ತೆಗೆದಳು.

ಮೊದಲ ಹಾಳೆಯಲ್ಲಿ ಒಂದೇ ಸಾಲು: ಹೊಸ ವಹಿ ಸುರು, ಬದ್ರೋದ್ದೀನ. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಅದರ ನಡುವೆ ಕುಡುಗೋಲಿನ ಹಳೆಯ ಗಾಯ ಓರೆಯಾಗಿ ಬಿಳಿ ಗೆರೆ ಎಳೆದಿತ್ತು.

ನಿವೃತ್ತ ಅರಣ್ಯ ರಕ್ಷಕ ಬದ್ರೋದ್ದೀನರೇ ಈ ಕೆಲಸಕ್ಕೆ ಕೈಹಚ್ಚಿದವರು. ಕಂಡದ್ದನ್ನು ಹೇಳಿದವರು ಓದಿರಲಿ ಬಿಡಲಿ, ಬರೆದ ಸಾಲಿನ ಪಕ್ಕ ಹೆಬ್ಬೆಟ್ಟು ಒತ್ತಲೇಬೇಕು ಎಂಬುದು ಅವರ ಕಟ್ಟಳೆ. ಹೋದ ಮೇ ತಿಂಗಳಲ್ಲಿ ಈ ಹಾಳೆಗೆ ಹೆಬ್ಬೆಟ್ಟು ಒತ್ತಿದ ಮರುದಿನವೇ ಅವರು ಕಾಣೆಯಾದರು. ಸೈಕಲ್ಲು ಔರಾದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ದುಡಿಯಲು ಹೈದರಾಬಾದಿಗೆ, ಪುಣೆಗೆ ಹೊರಟವರ ಗದ್ದಲದಲ್ಲಿ ಅವರು ಯಾವ ಬಸ್ ಹತ್ತಿದರೋ ನೋಡಿದವರಿಲ್ಲ. ಈಗೀಗ ಜನ ಅವರ ಮಾತು ಬಂದರೆ 'ಇದ್ದರು' ಎಂದೇ ಹೇಳುತ್ತಿದ್ದರು.

"ಚಾಚಾ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ಮೌಸಿ," ಎಂದಳು ಆಬೇದಾ, ಬಾಗಿಲ ಕಡೆ ನೋಡುತ್ತ.

ಕಾಂತಾಬಾಯಿ ಅವಳ ಬೆನ್ನು ತಟ್ಟಿ ಹಾಳೆ ತಿರುವಿದಳು. ಮುಂದೆ ಎಲ್ಲ ಸಾಲಿಗೂ ಧೊಂಡಿಬಾನದೇ ಹೆಬ್ಬೆಟ್ಟು. ದುಂಡನೆಯ ಸುಳಿ, ಮೇಲೆ ಉಣ್ಣೆಯ ಜಿಡ್ಡು. ಅಳಿಸಿದ್ದಿಲ್ಲ, ತಿದ್ದಿದ್ದಿಲ್ಲ, ಶಾಯಿ ಬದಲಾದದ್ದಿಲ್ಲ. ಜಾಗ ಎಂಬ ಕಾಲಮ್ಮಿನಲ್ಲಿ ಆಬೇದಾಳ ಗುಂಡಗಿನ ಅಕ್ಷರದಲ್ಲೇ ಮಡೆಪ್ಪನ ಹೊಲ, ದಸ್ತಗೀರನ ಹೊಲ, ಜ್ಞಾನೇಶ್ವರನ ಹೊಲ ಎಂದಿತ್ತು. ಮಾಣಿಕ ಆಯಾ ಹೊಲ ಹುಡುಕಿ ಚುಕ್ಕಿ ಇಟ್ಟಿದ್ದ. ಅವನ ತಪ್ಪೇನೂ ಕಾಣಲಿಲ್ಲ.

"ಎಲ್ಲಾ ಕೂಡಿ ಎಷ್ಟಾದವು?"

"ಇನ್ನೂರಾ ಹದಿಮೂರು," ಎಂದ ಮಾಣಿಕ.

"ಹದಿನಾಲ್ಕು," ಎಂದಳು ಆಬೇದಾ ಥಟ್ಟನೆ.

"ಹದಿಮೂರೇರಿ ಮ್ಯಾಡಮ್. ಎಣಿಸಿದ್ದು ನಾ ಅಲ್ಲ, ಕಂಪ್ಯೂಟರ್."

"ಹಂಗಾದ್ರ ನಾನೇ ತಪ್ಪಿರಬೇಕು," ಎಂದು ಅವಳು ಮತ್ತೆ ತಲೆ ತಗ್ಗಿಸಿದಳು.

ಬೇರೆ ದಿನವಾಗಿದ್ದರೆ ಕಾಂತಾಬಾಯಿ ಆ ಒಂದರ ಬೆನ್ನು ಹತ್ತುತ್ತಿದ್ದಳು. ಆದರೆ ಅಷ್ಟರಲ್ಲಿ ಅವಳ ಕಣ್ಣಿಗೆ ಬೇರೊಂದು ಬಿದ್ದಿತ್ತು.

"ಮಾಣಿಕ, ಆ ನಕಾಶ ಜರಾ ಸಣ್ಣದು ಮಾಡು. ಪೂರಾ ಕಾಣಲಿ."

ಮಾಣಿಕ ಮೌಸಿನ ಗಾಲಿ ತಿರುಗಿಸಿದ. ಚುಕ್ಕಿಗಳು ಒತ್ತೊತ್ತಾಗಿ ಕೂಡಿಕೊಂಡವು. ಎಲ್ಲೆಲ್ಲೋ ಚೆಲ್ಲಿದಂತಿದ್ದವು ಈಗ ಬಳೆಯ ಹಾಗೆ ದುಂಡಗೆ ನಿಂತಿದ್ದವು. ಬಳೆಯ ನಡುವಿನ ಖಾಲಿ ಜಾಗವೇ ಹರಣಮಾಳ.

"ಕಳ್ಳ ಆಗಿದ್ರ ಚುಕ್ಕಿ ದೂರ ಒಗೀತಿದ್ದ," ಎಂದಳು ಕಾಂತಾಬಾಯಿ ನಿಧಾನವಾಗಿ. "ಮಾಳದ ಸುತ್ತ ಹಿಂಗ ಬಳಿ ತೊಡಿಸ್ತಿದ್ದಿಲ್ಲ."

ಅವಳು ಮತ್ತೆ ವಹಿ ನೋಡಿದಳು. ಹನ್ನೊಂದು ದಿನ ಎಲ್ಲವೂ ಮಡೆಪ್ಪನ ಹೊಲದಲ್ಲಿ. ಹನ್ನೆರಡನೆಯ ದಿನದಿಂದ ಎಲ್ಲವೂ ದಸ್ತಗೀರನ ಹೊಲದಲ್ಲಿ.

"ಇದೇನ್ ಚೋದ್ಯ ಆಬೇದಾ? ತೋಳ, ಚಿಗರಿ, ನರಿ ಎಲ್ಲಾ ಮಾತಾಡ್ಕೊಂಡು ಒಂದೇ ದಿನ ಬಾಡಿಗಿ ಮನಿ ಬದಲಿ ಮಾಡಿದಾವೇನು?"

ಪಹಣಿಗೆ ಬಂದ ರೈತರು ಕಿಸಕ್ಕನೆ ನಕ್ಕರು. ಆಬೇದಾ ವಹಿಯನ್ನೇ ದಿಟ್ಟಿಸಿದಳು. ಹತ್ತು ತಿಂಗಳು ತಾನೇ ಬರೆದದ್ದನ್ನು ಈಗ ಮೊದಲ ಸಲ ಓದುತ್ತಿರುವಂತಿತ್ತು ಅವಳ ಮುಖ.

"ಧೊಂಡಿಬಾ ಎಲ್ಲಿದ್ದಾನ?"

"ಔರಾದ ದಾಟಿ, ಜ್ಞಾನೇಶ್ವರನ ಹೊಲದಾಗ ಇದ್ದಾರ ಮೌಸಿ. ನಾಳಿ ಮುಂಜಾನಿ ಕುರಿ ಹೊಡ್ಕೊಂಡು ಗಡಿ ದಾಟ್ತಾರ. ಇಲ್ಲಿ ನೀರು ಮುಗೀತು."

ಕಾಂತಾಬಾಯಿ ವಹಿಯನ್ನು ಚೀಲಕ್ಕೆ ತುರುಕಿ ಎದ್ದಳು. ಬಾಗಿಲಲ್ಲಿ ನಿಂತು ಮಾಣಿಕನತ್ತ ತಿರುಗಿದಳು. ಪೊಲೀಸ್ ಇಲಾಖೆಯಲ್ಲಿ ಅವಳು ಕಲಿಯದೇ ಉಳಿದ ವಿದ್ಯೆ ತಪ್ಪೊಪ್ಪಿಕೊಳ್ಳುವುದು. ಅದನ್ನು ಈ ವಯಸ್ಸಿನಲ್ಲಿ ತಾನೇ ಕಲಿಯುತ್ತಿದ್ದಳು.

"ನಿನ್ನ ಮ್ಯಾಲ ಖಾಲಿಪಿಲಿ ಶಕ ಪಟ್ಟೆ ತಮ್ಮಾ. ಮನಸಿಗೆ ಹಚ್ಚಿಕೋಬ್ಯಾಡ."

"ಹಚ್ಚಿಕೊಂಡೀನ್ರಿ," ಎಂದ ಮಾಣಿಕ. ಆಮೇಲೆ ಅವನಿಗೇ ನಗು ಬಂತು. "ಖರೇ ಚುಕ್ಕಿ ಸಿಕ್ರ ಫೋನ್ ಮಾಡ್ರಿ. ಅಂಗಡಿ ತೆರೆದೇ ಇಟ್ಟಿರ್ತೇನಿ."

ಔರಾದಿನ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದ ಬಸ್ಸುಗಳ ನೆತ್ತಿಯ ಮೇಲೆಲ್ಲ ಗಂಟುಮೂಟೆ, ಪಾತ್ರೆ, ಸುತ್ತಿಟ್ಟ ಹಾಸಿಗೆ. ಇವರ ಬಸ್ಸು ಮಾತ್ರ ಖಾಲಿ. ಕಂಡಕ್ಟರ್ ಟಿಕೆಟ್ ಹರಿದು, "ಎಲ್ಲಾರೂ ಹೋಗೋರೇ ಇದ್ದಾರ, ನೀವಿಬ್ಬರೇ ಬರೋರು" ಎಂದ.

ಧೊಂಡಿಬಾನ ಹೆಂಡತಿ ಸಖುಬಾಯಿ ಆಗಲೇ ಗಂಟು ಕಟ್ಟತೊಡಗಿದ್ದಳು. ಕುರಿಗಳು ಮಾಳದಿಂದ ಬೇಗ ಮರಳಿ ಜ್ಞಾನೇಶ್ವರನ ಹೊಲದಲ್ಲಿ ಒತ್ತಾಗಿ ಕೂತಿದ್ದವು. ಎಪ್ಪತ್ತರ ಧೊಂಡಿಬಾ ಆಬೇದಾಳನ್ನು ನೋಡಿ ಹಲ್ಲಿಲ್ಲದ ಬಾಯಗಲಿಸಿದ.

ಕಾಂತಾಬಾಯಿ ಕಂಬಳಿಯ ಮೇಲೆ ಕೂತು ನೇರವಾಗಿ ವಿಷಯಕ್ಕೆ ಬಂದಳು.

"ಧೊಂಡಿಬಾ ಅಣ್ಣಾ, ಈಚಿಗೆ ಚಿಗರಿ ನೋಡೀರೇನು?"

"ನೋಡೇನ್ರಿ. ಹನ್ನೆರಡು. ಮೂರು ಮರಿ."

"ಎಂದು ನೋಡಿದ್ರಿ?"

"ಜ್ಞಾನೇಶ್ವರನ ಹೊಲ, ಐದನೇ ದಿನ."

"ನಾ ಕೇಳಿದ್ದು ಎಂದು ಅಂತ. ಯಾವ ವಾರ, ಯಾವ ತಾರೀಖು?"

"ಹೇಳಿದೆನಲ್ರಿ ಬಾಯಿ. ಜ್ಞಾನೇಶ್ವರನ ಹೊಲದ ಐದನೇ ದಿನ." ಧೊಂಡಿಬಾನಿಗೆ ಈ ಪಟ್ಟಣದ ಬಾಯಿಯ ತಿಳಿವಳಿಕೆಯ ಬಗ್ಗೆ ಮರುಕ ಹುಟ್ಟಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. "ತಾರೀಖು ಸಾಲಿ ಕಲಿತವರಿಗೆ. ರಾತ್ರಿ ಕುರಿ ಯಾರ ಹೊಲದಾಗ ಕೂಡ್ತಾವ, ನಮಗ ಅದೇ ದಿನದ ಹೆಸರು. ಗೊಬ್ಬರ ಬೀಳ್ತದಂತ ರೈತರು ಕರೀತಾರ, ಎಂಟು ದಿನ, ಹನ್ನೆರಡು ದಿನ ಇರ್ತೇವಿ, ಮುಂದಿನ ಹೊಲಕ್ಕ ಹೋಗ್ತೇವಿ. ಹಂಗೇ ವರ್ಷ ಕಳೀತದ."

"ನನ್ನ ಮಗಳು ಭೀಮಬಾಯಿ ಹುಟ್ಟಿದ್ದು ಗೋರಖನಾಥನ ಹೊಲದ ಎರಡನೇ ದಿನ," ಎಂದಳು ಸಖುಬಾಯಿ ಗಂಟು ಬಿಗಿಯುತ್ತ. "ಸಾಲ್ಯಾಗ ತಾರೀಖು ಕೇಳಿದ್ರು. ಮಾಸ್ತರ್ ಏನೋ ಒಂದು ಬರ್ಕೊಂಡ."

ಕಾಂತಾಬಾಯಿ ಆಬೇದಾಳ ಕಡೆ ನೋಡಿದಳು. ಆಬೇದಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಪ್ರತಿ ಶನಿವಾರ ಹಿಂಗೇ ಹೇಳ್ತಿದ್ರು ಮೌಸಿ. ಮಡೆಪ್ಪನ ಹೊಲ, ಮೂರನೇ ದಿನ, ಚಿಗರಿ ಏಳು ಅಂತ. ಜಾಗ ಸಿಕ್ತಂತ ಹೊಲದ ಹೆಸರು ಬರ್ಕೊಂಡೆ. ಮೂರನೇ ದಿನ ಅಂದ್ರ ಯಾವ ವಾರ ಅಂತಷ್ಟೇ ಕೇಳಿ ತಾರೀಖು ಹಾಕ್ದೆ. ಅವರು ಹೇಳಿದ್ದು ಬರೇ ದಿನ. ಜಾಗ ನಾ ಕೇಳೇ ಇಲ್ಲ!"

"ನೀವಾದ್ರೂ ಹೇಳಬಾರದಿತ್ತೇನ್ ಅಣ್ಣಾ, ಎಲ್ಲಿ ನೋಡಿದ್ದಂತ?"

"ಅದನ್ನ ಏನ್ ಹೇಳೋದರಿ?" ಧೊಂಡಿಬಾನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ರಾತ್ರಿ ಯಾರ ಹೊಲದಾಗರ ಇರ್ಲಿ, ಹಗಲೆಲ್ಲಾ ಮೇಯೋದು ಹರಣಮಾಳದಾಗೇ. ಈ ಬರದಾಗ ಹುಲ್ಲು ಮತ್ತೆಲ್ಲಿ ಅದ? ನೋಡಿದ್ದೆಲ್ಲಾ ಅಲ್ಲೇ."

ಕಾಂತಾಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರು ದಿನದಿಂದ ಅವಳು ಹುಡುಕುತ್ತಿದ್ದ ಕಳ್ಳ ಹುಟ್ಟಿಯೇ ಇರಲಿಲ್ಲ. ಇನ್ನೂರಾ ಹದಿಮೂರು ಚುಕ್ಕಿಯೂ ಹರಣಮಾಳದ್ದೇ!

ಆದರೆ ನಕ್ಕರೆ ಸಮಿತಿ ಕೇಳುವುದಿಲ್ಲ. ಅವರಿಗೆ ಒಂದೊಂದು ಚುಕ್ಕಿಯೂ ನೆಲದ ಮೇಲೆ ಇಂಥಲ್ಲೇ ಎಂದು ಬೇಕು. ತೋರಿಸಬಲ್ಲವನು ಒಬ್ಬನೇ, ಅವನೂ ನಾಳೆ ಹೊರಡುವವನು.

"ನನಗೆಲ್ಲಾ ನೆಪ್ಪದಾವ," ಎಂದ ಧೊಂಡಿಬಾ. "ಹೊಲ ಹೇಳ್ರಿ, ದಿನ ಹೇಳ್ರಿ, ಕಲ್ಲು ತೋರಿಸ್ತೇನಿ. ಆದ್ರ ಎರಡು ದಿನ ಬೇಕು. ಕುರಿಗೆ ನೀರು..." ಅವನು ಹೆಂಡತಿಯತ್ತ ನೋಡಿದ.

ಸಖುಬಾಯಿ ಕೈಯಲ್ಲಿದ್ದ ಗಂಟನ್ನು ನೋಡಿದಳು. ಕುರಿಗಳನ್ನು ನೋಡಿದಳು. ಜ್ಞಾನೇಶ್ವರನ ಬಾವಿಯ ತಳದಲ್ಲಿ ಉಳಿದದ್ದು ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಸೋಸಿ ಸೋಸಿ ಕುಡಿಸಿದ್ರ ಎರಡು ದಿನ ನಡೀತದ," ಎಂದು ಗಂಟು ಬಿಚ್ಚಿದಳು. "ಮಳಿ ಬಂದ ಮ್ಯಾಲ ಬರೋದಂತೂ ಬರ್ತೇವಿ. ಮಾಳ ಹೋದ್ರ ಬರೋದೆಲ್ಲಿಗೆ?"

ಆ ಹೆಂಗಸಿನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೆನ್ನಿಸಿತು ಕಾಂತಾಬಾಯಿಗೆ. ಅದರ ಬದಲು, "ಚಹಾದ ಪುಡಿ ಸಕ್ಕರಿ ತೊಗೊಂಡು ನೀನೂ ನಡಿ ತಂಗಿ, ಬಾಯಿ ಒಣಗ್ಯಾದ" ಎಂದಳು. ಕುರಿ ನೋಡಿಕೊಳ್ಳಲು ಹೊಲದ ಒಡೆಯ ಜ್ಞಾನೇಶ್ವರ ಉಳಿದ.

ಹೊತ್ತು ಇನ್ನೂ ಎರಡು ಮಾರು ಇರುವಾಗಲೇ ಅವರು ಹರಣಮಾಳ ಹತ್ತಿದರು. ಒಣಗಿದ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ಕಾಂತಾಬಾಯಿ ವಹಿ ಹಿಡಿದು ಓದಿದಳು.

"ದಸ್ತಗೀರನ ಹೊಲ. ನರಿ ಎರಡು."

"ಅದು ನಾಕನೇ ದಿನ. ಇಲ್ಲಿ ಬರ್ರಿ, ಈ ಬಾರಿಗಿಡದ ಬುಡಕ."

ಆಬೇದಾ ಓಡಿ ಅಲ್ಲಿ ನಿಂತು ಫೋನು ಒತ್ತಿ ಆ ಜಾಗದ ಗುರುತನ್ನು ಮಾಣಿಕನಿಗೆ ಕಳಿಸಿದಳು.

"ಮಡೆಪ್ಪನ ಹೊಲ. ಚಿಗರಿ ಏಳು."

"ಆ ದಿಬ್ಬದ ಮ್ಯಾಲ. ಹಿಕ್ಕಿ ಇನ್ನೂ ಬಿದ್ದಿರಬೇಕು ನೋಡ್ರಿ."

ಹಿಕ್ಕೆ ಬಿದ್ದಿತ್ತು, ಗುಪ್ಪೆ ಗುಪ್ಪೆಯಾಗಿ. ಅವರು ಬಗ್ಗಿ ನೋಡುತ್ತಿದ್ದಂತೆ ದಿಬ್ಬದ ಆಚೆಯಿಂದ ಚಿಗರಿಯ ಹಿಂಡೊಂದು ಎದ್ದು, ಗಾಳಿಯಲ್ಲಿ ಒಂದರ ಹಿಂದೊಂದು ಜಿಗಿದು ಹೋಯಿತು. ಆಬೇದಾ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು.

ನಲವತ್ತೊಂದು ಚುಕ್ಕಿ ಮುಗಿಯುವಷ್ಟರಲ್ಲಿ ಮಾಣಿಕನ ಫೋನ್ ಬಂತು. "ಬಾಯಾರ! ನಟ್ಟನಡುವ ಚುಕ್ಕಿ ಹತ್ಲಿಕತ್ತಾವರಿ! ಪೂರಾ ಭಾಲ್ಕಿ ನನ್ನ ಅಂಗಡ್ಯಾಗ ನಿಂತು ನೋಡ್ಲಿಕತ್ತದ!"

ಹರಣಮಾಳ ಉಳಿಯುತ್ತದೆ ಎಂದು ಕಾಂತಾಬಾಯಿಗೆ ಆ ಗಳಿಗೆಯಲ್ಲಿ ಗಟ್ಟಿಯಾಗಿ ಅನ್ನಿಸಿತು.

ಸಖುಬಾಯಿ ಮೂರು ಕಲ್ಲಿಟ್ಟು ಚಹಾ ಕುದಿಸಿದಳು. ಕಾಂತಾಬಾಯಿ ಒಲೆಯ ಪಕ್ಕ ಕುಕ್ಕರಿಸಿ, ಸುಮ್ಮನಿರಲಾಗದೆ ವಹಿಯ ಕೊನೆಯ ಹಾಳೆಗಳನ್ನು ಬೆರಳಲ್ಲಿ ತಿಕ್ಕುತ್ತಿದ್ದಳು. ಬರೆದದ್ದರಲ್ಲಿ ಕೊನೆಯ ಹಾಳೆ ಉಳಿದವಕ್ಕಿಂತ ದಪ್ಪಗಿತ್ತು.

ಅದು ಒಂದು ಹಾಳೆಯಲ್ಲ, ಎರಡು. ಅಂಚಿನುದ್ದಕ್ಕೂ ಗೋಂದು ಹಚ್ಚಿ ಅಂಟಿಸಿದ್ದರು.

ಹದಿಮೂರು ಎಂದಿದ್ದ ಮಾಣಿಕ. ಹದಿನಾಲ್ಕು ಎಂದಿದ್ದಳು ಆಬೇದಾ.

ಕಾಂತಾಬಾಯಿ ಯಾರಿಗೂ ಹೇಳದೆ ಹಾಳೆಯನ್ನು ಚಹಾದ ಹಬೆಗೆ ಹಿಡಿದಳು. ಇಲಾಖೆಯಲ್ಲಿ ನೂರಾರು ಲಕೋಟೆ ಬಿಡಿಸಿದ ಕೈ ಅದು. ಗೋಂದು ಮೆತ್ತಗಾಯಿತು. ಉಗುರು ಹಾಕಿ ಮೆಲ್ಲಗೆ ಬಿಡಿಸಿದಳು.

ಒಳಗೆ ಒಂದೇ ಸಾಲು. ಹೋದ ಶನಿವಾರದ ತಾರೀಖು. ಹೆಣ್ಣು ತೋಳ, ಮರಿ ನಾಲ್ಕು. ಜಾಗ: ಹರಣಮಾಳ, ಹಳೇ ಸುಣ್ಣದ ಭಟ್ಟಿಯ ಹಿಂದಿನ ಗವಿ.

ಇಡೀ ವಹಿಯಲ್ಲಿ ಜಾಗವನ್ನು ಸರಿಯಾಗಿ ಹೇಳಿದ್ದು ಇದೊಂದೇ ಸಾಲು.

"ಅಣ್ಣಾ, ಇದು ನಿಮ್ಮ ಹೆಬ್ಬೆಟ್ಟೇನು?"

ಧೊಂಡಿಬಾ ಬಗ್ಗಿ ನೋಡಿದ. "ನಂದಲ್ರಿ. ಅವತ್ತು ನಾ ಮಾಳಕ್ಕ ಬಂದೇ ಇಲ್ಲ. ಭಾಲ್ಕಿ ಸಂತಿಗೆ ಹೋಗಿದ್ದೆ."

ಕಾಂತಾಬಾಯಿ ಭೂತಗನ್ನಡಿ ಹಿಡಿದಳು. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಮೊದಲ ಹಾಳೆ ತಿರುವಿದಳು, ಕೊನೆಯದಕ್ಕೆ ಬಂದಳು, ಮತ್ತೆ ಮೊದಲನೆಯದಕ್ಕೆ ಹೋದಳು. ಅದೇ ಸುಳಿ, ಅದೇ ಕುಡುಗೋಲಿನ ಗಾಯ. ಮೂವತ್ತೆರಡು ವರ್ಷದಲ್ಲಿ ಅವಳು ಹೆಬ್ಬೆಟ್ಟು ಓದಿ ತಪ್ಪಿದ್ದಿಲ್ಲ.

ಬದ್ರೋದ್ದೀನ ಬದುಕಿದ್ದಾರೆ. ಆರು ದಿನದ ಹಿಂದೆ ಇಲ್ಲೇ, ಈ ಮಾಳದ ಮೇಲೇ ಇದ್ದರು!

ಸಂತೋಷಕ್ಕೆ ಕೂಗಿ ಕರೆಯಬೇಕೆಂದು ಬಾಯಿ ತೆರೆದವಳು ಮತ್ತೆ ಹಾಳೆಗೇ ಬಗ್ಗಿದಳು. ಆ ಸಾಲಿನ ಅಕ್ಷರ ಗುಂಡಗಿತ್ತು. ವಹಿಯ ಉದ್ದಕ್ಕೂ ಇನ್ನೂರಾ ಹದಿಮೂರು ಸಲ ನೋಡಿದ ಅಕ್ಷರವೇ ಅದು.

ಹತ್ತು ಹೆಜ್ಜೆ ಆಚೆ ಆಬೇದಾ ಫೋನು ಒತ್ತುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. ಬಿಚ್ಚಿದ ಹಾಳೆ ಅವಳಿಗೆ ಅಲ್ಲಿಂದಲೇ ಕಂಡಿತ್ತು.

ಕಾಂತಾಬಾಯಿ ಹತ್ತಿರ ಹೋದಳು. ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು.

"ನಕಾಶದ ಕಳ್ಳನ್ನ ಹುಡುಕ್ರಿ ಅಂತ ನನ್ನ ಮನಿ ತನಕ ಬಂದಿ. ಚಾಚಾ ಎಲ್ಲಿದ್ದಾರ ಅಂತ ಒಂದು ಸಲನೂ ಯಾಕ ಕೇಳಲಿಲ್ಲ ಅಂತ ನಾ ಈಗ ತಿಳ್ಕೊಂಡೆ. ನಿನಗ ಮಾಲೂಮ ಇತ್ತು."

"ಇತ್ತು ಮೌಸಿ." ಆಬೇದಾಳ ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ. "ಆ ಹಾಳಿ ಮತ್ತ ಹಚ್ಚಿಬಿಡ್ರಿ. ಮರಿ ಕಣ್ಣು ಬಿಟ್ಟು ಓಡಾಡೋ ತನಕ ಆ ಗವಿ ಯಾರಿಗೂ ಗೊತ್ತಾಗಬಾರದು. ಚಾಚಾನೂ ಅಲ್ಲೇ ಇದ್ದಾರ. ಚಾಚಾನ ಹುಡುಕೋರು ನಾವಷ್ಟೇ ಇಲ್ಲ."

"ಮತ್ತ ಯಾರು?"

ಅಷ್ಟರಲ್ಲಿ ಧೊಂಡಿಬಾ ಎದ್ದು ನಿಂತು, ಹಣೆಗೆ ಕೈ ಹಚ್ಚಿ ಔರಾದಿನ ದಾರಿಯತ್ತ ನೋಡುತ್ತಿದ್ದ. ಅಲ್ಲಿ ಧೂಳೆದ್ದಿತ್ತು.

ಸೋಲಾರ್ ಕಂಪನಿಯ ಬಿಳಿಯ ಜೀಪೊಂದು ರಸ್ತೆ ಬಿಟ್ಟು ಮಾಳಕ್ಕೆ ಇಳಿಯಿತು. ಇವರು ನಿಂತ ಕಡೆಗೆ ಬರಲಿಲ್ಲ. ಯಾವ ನಕ್ಷೆಯಲ್ಲೂ ಇನ್ನೂ ಚುಕ್ಕಿ ಬೀಳದ ಸುಣ್ಣದ ಭಟ್ಟಿಯ ಕಡೆಗೆ ನೇರವಾಗಿ ತಿರುಗಿತು.